ಅಪ್ಪನ ಮನೆಯ ಬಾಡಿಗೆದಾರ

ಸಂಕ್ರಾಂತಿಯ ಎಳ್ಳುಬೆಲ್ಲ ಡಬ್ಬಿಯಲ್ಲಿ ಇನ್ನೂ ಉಳಿದಿರುವಾಗಲೇ ಪಶ್ಚಿಮ ಬೆಂಗಳೂರಿನ ಮನೆಗಳಲ್ಲಿ ಒಂದು ವಿಶೇಷ ಜಾತಿಯ ಬಾಡಿಗೆದಾರ ಕಾಣಿಸಿಕೊಳ್ಳುತ್ತಾನೆ. ಅವನು ತೊಟ್ಟಿಲಲ್ಲಿ ಮಲಗಿದ್ದೂ ಅದೇ ಮನೆಯಲ್ಲಿ, ಈಗ ಅವನ ಮಗು ಗೋಡೆಗೆ ಕ್ರೇಯಾನ್ ಬಳಿಯುತ್ತಿರುವುದೂ ಅದೇ ಮನೆಯಲ್ಲಿ. ಓನರಿಗೆ ಅವನು ‘ಅಪ್ಪ’ ಅನ್ನುತ್ತಾನೆ. ವರ್ಷವೆಲ್ಲ ಮಗನಾಗಿಯೇ ಇದ್ದವನು, ‘ಇನ್ವೆಸ್ಟ್‌ಮೆಂಟ್ ಪ್ರೂಫ್ ಸಲ್ಲಿಸಲು ಕೊನೆಯ ದಿನ’ ಎಂದು ಆಫೀಸಿನ ಎಚ್‌ಆರ್‌ನಿಂದ ಮೇಲ್ ಬಂದ ಸಂಜೆ, ಸಂಬಳದ ಮನೆ ಬಾಡಿಗೆ ಭತ್ಯೆಗೆ ತೆರಿಗೆ ವಿನಾಯಿತಿ ಗಿಟ್ಟಿಸಲು, ಇದ್ದಕ್ಕಿದ್ದಂತೆ ಬಾಡಿಗೆದಾರನಾಗಿಬಿಡುತ್ತಾನೆ. ನಾನು ಇವನಿಗೆ ಇಟ್ಟ ಹೆಸರು ರಸೀದಿಪುತ್ರ.

ರಾಜಾಜಿನಗರದ ಬ್ಲಾಕುಗಳಲ್ಲಿ, ಬಸವೇಶ್ವರನಗರದಲ್ಲಿ, ವಿಜಯನಗರದ ಅಡ್ಡರಸ್ತೆಗಳಲ್ಲಿ ಇವನು ಹೇರಳ. ಈಚೆಗೆ ಕೆಂಗೇರಿ ಉಪನಗರದಲ್ಲೂ ಸಂತತಿ ಹಬ್ಬಿದೆ. ಕಾರಣ ಸರಳ. ಇಲ್ಲಿನ ಅಪ್ಪಂದಿರು ಕಾರ್ಖಾನೆಯಲ್ಲೋ ಬ್ಯಾಂಕಿನಲ್ಲೋ ದುಡಿದು, ಮೂವತ್ತು-ನಲವತ್ತರ ಸೈಟು ಹಿಡಿದು, ಮೊದಲು ಕೆಳಮನೆ ಕಟ್ಟಿ, ಮಗನ ಮದುವೆಯ ಹೊತ್ತಿಗೆ ಮೇಲೊಂದು ಮನೆ ಏರಿಸಿದವರು. ಮೇಲ್ಮನೆಗೂ ಅಡುಗೆಮನೆ ಇದೆ, ಅದರಲ್ಲಿ ಕಾಫಿ ಮಾತ್ರ ಆಗುತ್ತದೆ. ಊಟ ಕೆಳಗೆ.

ಮೊದಲೆಲ್ಲ ಇವನ ಕೆಲಸ ಸುಲಭವಿತ್ತು. ಫೆಬ್ರವರಿಯ ಒಂದು ಭಾನುವಾರ ಊಟದ ಮೇಜಿನ ಮೇಲೆ ರಸೀದಿ ಪುಸ್ತಕ ಹರಡಿಕೊಂಡು ಹನ್ನೆರಡು ತಿಂಗಳ ಬಾಡಿಗೆಯನ್ನು ಒಂದೇ ಪಟ್ಟಿಗೆ ಬರೆದು ಮುಗಿಸುತ್ತಿದ್ದ. ತಿಂಗಳು ತಿಂಗಳೂ ಬರೆದಂತೆ ಕಾಣಲೆಂದು ಏಪ್ರಿಲಿಗೆ ನೀಲಿ ಪೆನ್ನು, ಮೇಗೆ ಕಪ್ಪು, ಜೂನಿಗೆ ಮಗುವಿನ ಜೆಲ್ ಪೆನ್ನು. ಐದು ಸಾವಿರಕ್ಕಿಂತ ಹೆಚ್ಚಿನ ನಗದಿನ ರಸೀದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಬೇಕಲ್ಲ, ಅದಕ್ಕೆ ಅಪ್ಪನನ್ನೇ ಪೋಸ್ಟಾಫೀಸಿಗೆ ಓಡಿಸುವುದು. ಅಪ್ಪ ಬಿಸಿಲಲ್ಲಿ ಕ್ಯೂ ನಿಂತು, ಸ್ಟಾಂಪ್ ತಂದು, ಅಂಟಿಸಿ, ಕೈಗೇ ಬಾರದ ಹಣಕ್ಕೆ ಅಡ್ಡಸಹಿ ಹಾಕಿ, ‘ಇನ್ನೇನಾದ್ರೂ ಇದ್ಯೇನೋ?’ ಎಂದು ಕೇಳಿ ಒಳಗೆ ಹೋಗುತ್ತಿದ್ದರು.

ಆ ಕಾಲ ಹೋಯಿತು. ವರ್ಷಕ್ಕೆ ಒಂದು ಲಕ್ಷ ದಾಟಿದ ಬಾಡಿಗೆಗೆ ಓನರಿನ ಪ್ಯಾನ್ ನಂಬರು ಕೊಡಬೇಕು. ಪ್ಯಾನ್ ಕೊಟ್ಟ ಮೇಲೆ ಮಗ ಕೊಟ್ಟೆ ಎಂದದ್ದನ್ನು ಅಪ್ಪ ತಮ್ಮ ರಿಟರ್ನಿನಲ್ಲಿ ತೋರಿಸಿದ್ದಾರೋ ಇಲ್ಲವೋ ಎಂದು ನೋಡುವುದು ಇಲಾಖೆಯ ಕಂಪ್ಯೂಟರಿಗೆ ದೊಡ್ಡ ಕೆಲಸವಲ್ಲ. ತಾಯಿಗೆ ನಗದಿನಲ್ಲಿ ಬಾಡಿಗೆ ಕೊಟ್ಟೆ ಎಂದ ಸಂಬಳದಾರಳೊಬ್ಬಳ ವಾದವನ್ನು 2017ರಲ್ಲಿ ಮುಂಬೈಯ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ ತಳ್ಳಿಹಾಕಿತು: ಹಣ ಕೊಟ್ಟದ್ದಕ್ಕೂ ಗಟ್ಟಿ ಪುರಾವೆ ಇರಲಿಲ್ಲ, ಅಲ್ಲಿ ವಾಸವಿದ್ದದ್ದಕ್ಕೂ ಇರಲಿಲ್ಲ. ಹೆತ್ತವರಿಗೆ ಬಾಡಿಗೆ ಕೊಡುವುದು ತಪ್ಪೆಂದು ಕಾನೂನು ಎಲ್ಲೂ ಹೇಳಿಲ್ಲ. ಮನೆ ನಿಮ್ಮ ಹೆಸರಲ್ಲಿ ಇರಬಾರದು, ಕೊಟ್ಟೆ ಎಂದರೆ ನಿಜಕ್ಕೂ ಕೊಟ್ಟಿರಬೇಕು, ಅಷ್ಟೇ. ಆ ‘ಅಷ್ಟೇ’ ಇದೆಯಲ್ಲ, ರಸೀದಿಪುತ್ರನ ಬಾಳಿನ ಬಿಕ್ಕಟ್ಟೆಲ್ಲ ಶುರುವಾಗುವುದು ಅಲ್ಲಿಂದಲೇ.

ಆಡಿಟರ್ ಹೇಳಿದ ಮೇಲೆ ಅವನು ಎಲ್ಲವನ್ನೂ ಕ್ರಮಬದ್ಧ ಮಾಡಿದ. ಇ-ಸ್ಟಾಂಪ್ ಕಾಗದ ತಂದ. ಇಂಟರ್ನೆಟ್ಟಿನಿಂದ ಹನ್ನೊಂದು ತಿಂಗಳ ಕರಾರುಪತ್ರದ ನಮೂನೆ ಇಳಿಸಿ, ಪೂರ್ತಿ ಓದದೆ ಹೆಸರುಗಳನ್ನಷ್ಟೇ ತುಂಬಿದ. ಅಪ್ಪ ಕನ್ನಡಕ ಏರಿಸಿಕೊಂಡು ಒಂದೊಂದು ಸಾಲನ್ನೂ ಓದಿದರು.

‘ಅಡ್ವಾನ್ಸ್ ಕಾಲಂ ಖಾಲಿ ಬಿಟ್ಟಿದ್ದೀಯಲ್ಲೋ.’

‘ಅಪ್ಪಾ, ನನ್ನ ಹತ್ರ ಅಡ್ವಾನ್ಸಾ?’

‘ಈ ಏರಿಯಾದಲ್ಲಿ ಹತ್ತು ತಿಂಗಳದ್ದು ತಗೋತಾರೆ. ಖಾಲಿ ಮಾಡೋವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳದ್ದು ಮುರ್ಕೋತಾರೆ. ನಿನ್ನ ಮಗಳು ಗೋಡೆ ಮೇಲೆ ಬರೆದಿರೋದು ನೋಡಿದ್ರೆ ಎರಡು ತಿಂಗಳದ್ದು ಮುರೀಬೇಕು.’

ಬಾಡಿಗೆ ಇಪ್ಪತ್ತು ಸಾವಿರ, ಪ್ರತಿ ತಿಂಗಳು 5ನೇ ತಾರೀಕು, ಬ್ಯಾಂಕಿನ ಮೂಲಕ ಎಂದು ತೀರ್ಮಾನವಾಯಿತು. ಮೊದಲ ತಿಂಗಳು ಹಣ ಹೋಯಿತು. ಸಂಜೆಯ ಹೊತ್ತಿಗೆ ಅಪ್ಪ ತಿರುಗಿ ಹಾಕುತ್ತಾರೆಂದು ಮಗ ಕಾದ. ರಾತ್ರಿ ಸಾರನ್ನ ಕಲೆಸುತ್ತಾ ಮೆಲ್ಲಗೆ ವಿಷಯ ತೆಗೆದ. ಅಪ್ಪ ಶಾಂತವಾಗಿ ಹೇಳಿದರು: ‘ನಿಮ್ಮ ಆಡಿಟರ್ ಹೇಳಿದ್ರಲ್ಲೋ, ವಾಪಸ್ ಕೊಟ್ರೆ ಅದು ಸುಳ್ಳು ಬಾಡಿಗೆ ಆಗತ್ತೆ ಅಂತ. ನಾನು ಎಫ್‌ಡಿ ಮಾಡಿದೆ.’

ಅಪ್ಪನಿಗೂ ಒಂದು ಅಳುಕಿತ್ತು, ನಿಜ. ಬಾಡಿಗೆ ಆದಾಯ ತೋರಿಸಿ ತಾವು ತೆರಿಗೆ ಕಟ್ಟುವವರಾಗಿಬಿಟ್ಟರೆ ಮನೆಯೊಡತಿಯ ಗೃಹಲಕ್ಷ್ಮಿ ಎರಡು ಸಾವಿರಕ್ಕೆ ಕುತ್ತು. ಗಂಡ ತೆರಿಗೆದಾರನಾದರೆ ಹೆಂಡತಿಗೆ ಆ ಹಣವಿಲ್ಲ. ಆಡಿಟರ್ ಲೆಕ್ಕ ಹಾಕಿ ಸಮಾಧಾನ ಹೇಳಿದರು. ಬಾಡಿಗೆಯಲ್ಲಿ ಶೇ. 30ರಷ್ಟು ಮನೆ ರಿಪೇರಿಯ ಹೆಸರಲ್ಲಿ, ರಿಪೇರಿ ಮಾಡಿಸಲಿ ಬಿಡಲಿ, ಹಾಗೆಯೇ ಕಳೆಯುತ್ತದೆ. ಅಪ್ಪನ ಸಣ್ಣ ಪಿಂಚಣಿ, ಬಡ್ಡಿ ಎಲ್ಲ ಕೂಡಿದರೂ ತೆರಿಗೆಯ ಗೆರೆ ಮುಟ್ಟುವುದಿಲ್ಲ. ಅಂದಿನಿಂದ ಅಪ್ಪನಿಗೆ ಕಾನೂನಿನ ಮೇಲೆ ಗೌರವ ಹೆಚ್ಚಾಗಿದೆ.

ಇನ್ನು ‘ಡಿಪೆಂಡೆಂಟ್ಸ್’ ಎಂಬ ಕಾಲಂ. ಆಫೀಸಿನ ಫಾರಮ್ಮಿನಲ್ಲಿ ರಸೀದಿಪುತ್ರ ಅಪ್ಪ, ಅಮ್ಮ, ಹೆಂಡತಿ, ಮಗಳು ಎಂದು ನಾಲ್ಕು ಹೆಸರನ್ನು ಎದೆಯುಬ್ಬಿಸಿ ತುಂಬುತ್ತಾನೆ. ಅದನ್ನು ತುಂಬುವ ಬೆಳಗ್ಗೆ ಅವನು ತಿಂದ ಉಪ್ಪಿಟ್ಟು ಅಮ್ಮ ಮಾಡಿದ್ದು. ಮಗಳನ್ನು ಸ್ಕೂಲ್ ವ್ಯಾನಿಗೆ ಹತ್ತಿಸಿದ್ದು ಅಪ್ಪ. ಬೆಸ್ಕಾಂ ಬಿಲ್ಲು, ಕಾವೇರಿ ನೀರಿನ ಬಿಲ್ಲು, ಕಂದಾಯ, ಗ್ಯಾಸ್ ಬುಕಿಂಗು ಅಪ್ಪನವು. ಇವನ ಸ್ಕೂಟರಿನ ಇನ್ಶೂರೆನ್ಸ್ ಮುಗಿಯುತ್ತಿದೆ ಎಂದು ನೆನಪಿಸುವುದೂ ಅಪ್ಪನೇ. ಫಾರಂ ನೋಡಿದ ಅಪ್ಪ ಕೇಳಿದರು:

‘ನಾನು ನಿನ್ನ ಡಿಪೆಂಡೆಂಟಾ?’

‘ಅದು ಬರೀ ಫಾರಮ್ಮಿಗೆ ಅಪ್ಪ.’

‘ಸರಿ. ಹಾಗಾದ್ರೆ ಹೋಗಿ ಸಂಪಿನ ಮೋಟಾರು ಆಫ್ ಮಾಡಿ ಬಾ, ಟ್ಯಾಂಕು ತುಂಬಿ ಸುರೀತಿದೆ. ನಾನು ಡಿಪೆಂಡೆಂಟು, ನನ್ನ ಕೈಲಾಗಲ್ಲ.’

ತಮಾಷೆಯೆಂದರೆ ಇಷ್ಟು ಜಂಬದ ಅಗತ್ಯವೇ ಇರಲಿಲ್ಲ. ಹೆತ್ತವರ ಆರೋಗ್ಯ ವಿಮೆಗೆ ತೆರಿಗೆಯಲ್ಲಿ ಸಿಗುವ ವಿನಾಯಿತಿಗೆ ಅವರು ಮಗನನ್ನು ನೆಚ್ಚಿಕೊಂಡಿರಬೇಕೆಂಬ ನಿಯಮವಿಲ್ಲ. ಅರವತ್ತು ದಾಟಿದವರ ಪ್ರೀಮಿಯಂ ಮಗ ನಗದಲ್ಲದೆ ಕಟ್ಟಿದರೆ ಐವತ್ತು ಸಾವಿರದವರೆಗೆ ಕಳೆಯಬಹುದು, ಅಪ್ಪ ಕೋಟ್ಯಧೀಶನಾಗಿದ್ದರೂ ಸರಿ. ಆದರೆ ಆ ವಿನಾಯಿತಿಗೆ ಅತ್ತೆ-ಮಾವ ಲೆಕ್ಕಕ್ಕಿಲ್ಲ. ಇದನ್ನು ಪತ್ತೆಹಚ್ಚಿದವಳು ಸೊಸೆ. ಅವಳೂ ದುಡಿಯುವವಳೇ, ಅತ್ತೆಯ ಪ್ರೀಮಿಯಂ ತನ್ನ ಖಾತೆಯಿಂದ ಕಟ್ಟಿದರೆ ತನಗೊಂದು ಕಾಸೂ ಉಳಿಯುವುದಿಲ್ಲ ಎಂದು ತಿಳಿದ ದಿನ, ‘ರೀ, ಕಾನೂನಿನ ಪ್ರಕಾರ ಅತ್ತೆ ನಂಗೆ ಏನೂ ಆಗ್ಬೇಕಿಲ್ಲವಂತೆ’ ಎಂದಳು. ಬಾಗಿಲಾಚೆ ಸೊಪ್ಪು ಬಿಡಿಸುತ್ತಿದ್ದ ಅತ್ತೆ, ‘ನಂಗೆ ಮೊದಲೇ ಗೊತ್ತಿತ್ತು’ ಎಂದರು.

ನಿಜವಾದ ಮಹಾಯುದ್ಧ ಮಾತ್ರ ಸೊಸೆಯ ಆಫೀಸಿನ ಗುಂಪು ವಿಮೆಯದು. ‘ತಂದೆ-ತಾಯಿ ಅಥವಾ ಅತ್ತೆ-ಮಾವ, ಒಂದು ಜೋಡಿ ಆಯ್ಕೆ ಮಾಡಿ.’ ಅವಳ ತವರು ಕೆಂಗೇರಿ. ಈ ಫಾರಂ ಬಂದ ವಾರ ಅಲ್ಲಿಂದ ಹಪ್ಪಳ, ಸಂಡಿಗೆ, ಚಟ್ನಿಪುಡಿ ಬರುತ್ತವೆ. ಇಲ್ಲಿ ಅತ್ತೆ ಕೆಮ್ಮತೊಡಗುತ್ತಾರೆ. ಮಾವನಿಗೆ ಮಂಡಿನೋವು ಉಲ್ಬಣಿಸುತ್ತದೆ, ಅದೂ ಸೊಸೆ ಮೆಟ್ಟಿಲು ಇಳಿಯುವ ಹೊತ್ತಿಗೆ. ರಸೀದಿಪುತ್ರ ಎರಡೂ ಕಡೆ ತಲೆಯಾಡಿಸಿ, ಟೆರೇಸಿಗೆ ಹೋಗಿ ಬಟ್ಟೆ ಒಣಗಿಸುತ್ತಾನೆ. ಎಂಥ ವೀರರನ್ನೂ ಪೋರ್ಟಲ್ಲಿನ ಒಂದು ಗುಂಡಿ ಮಣಿಸುತ್ತದೆ.

ಮಗುವಿನ ಹೆಸರಲ್ಲಿ ಏನಾದರೂ ಗಿಟ್ಟೀತೇ ಎಂದೂ ಅವನು ಹುಡುಕಿದ್ದುಂಟು. ಅಮೆರಿಕದಲ್ಲಿರುವ ಸೋದರತ್ತೆಯ ಮಗ ಫೋನಿನಲ್ಲಿ ಹೊಟ್ಟೆ ಉರಿಸಿದ್ದ: ಅಲ್ಲಿ ಮಗುವನ್ನು ಅವಲಂಬಿತ ಎಂದು ತೋರಿಸಿದರೆ ತೆರಿಗೆಯಲ್ಲೇ ಸಾವಿರಾರು ಡಾಲರ್ ಕಡಿತವಂತೆ, ಅಪ್ಪ, ಮಗ, ಮೊಮ್ಮಗು ಒಂದೇ ಸೂರಿನಡಿ ಇದ್ದರೆ ಮಗು ಯಾರ ಲೆಕ್ಕಕ್ಕೆ ಎಂಬ ಜಗಳಕ್ಕೂ ಕಾನೂನೇ ತೀರ್ಪು ಬರೆದಿಟ್ಟಿದೆಯಂತೆ, ಮೊದಲ ಹಕ್ಕು ಹೆತ್ತವರದು, ಅವರು ಬಿಟ್ಟರಷ್ಟೇ ಹೆಚ್ಚು ಆದಾಯದ ಅಜ್ಜನದು. ನಮ್ಮಲ್ಲೂ ಅಂಥ ಕಾಲವೊಂದಿತ್ತು. 1955ರ ಬಜೆಟ್ಟಿನಲ್ಲಿ ಸಿ.ಡಿ. ದೇಶಮುಖರು ಮದುವೆಯಾದವರಿಗೆ ಎರಡು ಸಾವಿರ, ಬ್ರಹ್ಮಚಾರಿಗಳಿಗೆ ಒಂದೇ ಸಾವಿರ ರೂಪಾಯಿಯ ವಿನಾಯಿತಿ ಎಂದರು. ಆ ದಶಕದಲ್ಲೇ ಮಕ್ಕಳಿಗೂ, ಇಬ್ಬರವರೆಗೆ, ಒಂದಿಷ್ಟು ಸೇರಿತು. ಈಗ ಅದೆಲ್ಲ ಇಲ್ಲ. ರಸೀದಿಪುತ್ರನ ಪಾಲಿಗೆ 2025-26ರಲ್ಲಿ ಉಳಿದಿದ್ದದ್ದು ಮಕ್ಕಳ ಶಿಕ್ಷಣ ಭತ್ಯೆ: ತಲೆಗೆ ತಿಂಗಳಿಗೆ 100 ರೂಪಾಯಿ. ಮಗಳನ್ನು ಎರಡು ಸಲ ಬೇಕರಿಗೆ ಕರೆದೊಯ್ದರೆ ಮುಗಿಯಿತು. ಸ್ಕೂಲ್ ಫೀಸನ್ನು ತೆರಿಗೆ ಕಾಯ್ದೆಯ 80ಸಿ ಕಲಮಿನಲ್ಲಿ ತೋರಿಸಬಹುದಿತ್ತು, ಆದರೆ ಬೋಧನಾ ಶುಲ್ಕವನ್ನಷ್ಟೇ. ಡೊನೇಷನ್ನು, ಡೆವಲಪ್‌ಮೆಂಟ್ ಫೀಸು, ವ್ಯಾನು ಹೊರಗೆ. ಅದನ್ನೂ ಹೆತ್ತವರೇ ಕಟ್ಟಿರಬೇಕು. ಈ ಮನೆಯಲ್ಲಿ ಕಟ್ಟುತ್ತಿದ್ದವರು ಅಜ್ಜ.

ಇನ್ನೊಂದು ಕೊರಗು ಅವನದು. ವಿಜಯನಗರದ ತಾರಸಿಯಲ್ಲಿ ನಿಂತರೆ ಮೆಟ್ರೋದ ನೇರಳೆ ಮಾರ್ಗದ ರೈಲು ಕಣ್ಣಿಗೆ ರಾಚುತ್ತದೆ. ಆದರೂ 2025-26ರ ಬಾಡಿಗೆ ಲೆಕ್ಕದಲ್ಲಿ ಮಹಾನಗರವೆಂದರೆ ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈ ಮಾತ್ರ ಆಗಿದ್ದವು. ಅಲ್ಲಿನವರಿಗೆ ಮೂಲವೇತನದ ಶೇ. 50ರ ಮಿತಿ ಇದ್ದರೆ, ಬೆಂಗಳೂರಿನವನಿಗೆ ಶೇ. 40 ಇತ್ತು. ಟ್ರಾಫಿಕ್ಕಿನಲ್ಲಿ ಮಾತ್ರ ನಾವು ಆಗ ಮಹಾನಗರ.

ಇಷ್ಟೆಲ್ಲ ಸಾಹಸದ ಫಲವೇನು? 2025-26ರಲ್ಲಿ ವರ್ಷಕ್ಕೆ 18 ಲಕ್ಷ ಸಂಬಳ, ಅದರಲ್ಲಿ ಮೂಲವೇತನ ತಿಂಗಳಿಗೆ 60 ಸಾವಿರ ಎಂದಿಟ್ಟುಕೊಳ್ಳಿ. ಇಪ್ಪತ್ತು ಸಾವಿರದ ಬಾಡಿಗೆಯಲ್ಲಿ ಮೂಲವೇತನದ ಹತ್ತನೆಯ ಒಂದು ಪಾಲು ಕಳೆದು ತಿಂಗಳಿಗೆ 14 ಸಾವಿರ, ವರ್ಷಕ್ಕೆ 1 ಲಕ್ಷ 68 ಸಾವಿರ ವಿನಾಯಿತಿ. 80ಸಿಯ ಒಂದೂವರೆ ಲಕ್ಷ, ವಿಮೆಯ 75 ಸಾವಿರ, ಸ್ಟ್ಯಾಂಡರ್ಡ್ ಡಿಡಕ್ಷನ್ನಿನ 50 ಸಾವಿರ ಎಲ್ಲ ತೆಗೆದರೂ ಹಳೆಯ ಪದ್ಧತಿಯಲ್ಲಿ ತೆರಿಗೆ ಸುಮಾರು 2 ಲಕ್ಷ 28 ಸಾವಿರ. ಇವ್ಯಾವುದನ್ನೂ ಕೇಳದ ಹೊಸ ಪದ್ಧತಿಯಲ್ಲಿ, 2025ರ ಬಜೆಟ್ಟಿನ ದರದಂತೆ, ಸುಮಾರು 1 ಲಕ್ಷ 51 ಸಾವಿರ. ಅಂದರೆ ರಸೀದಿ, ಕರಾರು, ಪ್ಯಾನು, ಕೆಮ್ಮು, ಹಪ್ಪಳ ಎಲ್ಲ ಸೇರಿ ಅವನಿಗೆ ಮುಕ್ಕಾಲು ಲಕ್ಷಕ್ಕೂ ಹೆಚ್ಚು ನಷ್ಟ ಮಾಡುತ್ತಿದ್ದವು. ಆಡಿಟರ್ ಇದನ್ನು ಹೇಳಿದಾಗ ಅವನ ಮುಖ ನೋಡುವಂತಿತ್ತು. ದೊಡ್ಡ ಗೃಹಸಾಲ ಇದ್ದವರ ಲೆಕ್ಕ ಬೇರೆ. ಮನೆ ಅಪ್ಪನದಾಗಿರುವವನಿಗೆ ಆ ಭಾಗ್ಯವೂ ಇಲ್ಲ.

ಅವನು ಹೊಸ ಪದ್ಧತಿಗೆ ಹಾರಿದ. ಆ ರಾತ್ರಿಯೇ ಕೆಳಗಿಳಿದು, ಇನ್ನು ಮೇಲೆ ಬಾಡಿಗೆಯ ನಾಟಕ ಬೇಡವೆಂದು ಓನರಿಗೆ ಸಂತೋಷದಿಂದ ತಿಳಿಸಿದ. ಅಪ್ಪ ಕಪಾಟಿನಿಂದ ಕರಾರುಪತ್ರ ತೆಗೆದು ಮೇಜಿನ ಮೇಲಿಟ್ಟರು. ಅವನು ಓದದೆ ಬಿಟ್ಟಿದ್ದ ನಮೂನೆಯ ಏಳನೆಯ ಕಲಮಿನಲ್ಲಿ, ಅವಧಿ ಮುಗಿದ ಮೇಲೂ ವಾಸ ಮುಂದುವರಿಸಿದರೆ ಬಾಡಿಗೆ ಶೇ. 5ರಷ್ಟು ಏರುತ್ತದೆ ಎಂದಿತ್ತು. ಈಗ ಅವನ ಬಾಡಿಗೆ 21 ಸಾವಿರ.