ಮೊದಲ ಹುಟ್ಟು ಮತ್ತು ಮುಂಬಯಿಯ ಅಳತೆಗಳು

ನೀರಿನ ಮೇಲೆ ತೇಲುವ ಅಗಲವಾದ ಹಲಗೆಯೊಂದರ ಮೇಲೆ ಎದ್ದು ನಿಂತು, ಒಂದೇ ಅಲಗಿನ ಉದ್ದನೆಯ ಹುಟ್ಟನ್ನು ಹಾಕುತ್ತ ಮುಂದೆ ಸಾಗುವ ಸ್ಟ್ಯಾಂಡ್ ಅಪ್ ಪ್ಯಾಡಲಿಂಗ್ ಎಂಬ ಕ್ರೀಡೆಗೆ ಮುಂಬಯಿಯ ಉಪನಗರವಾಸಿ ಕನ್ನಡಿಗನು ಮನಸೋತಾಗ, ಅವನ ಚಿಂತೆಯೆಲ್ಲ ಹಲಗೆಯ ಸುತ್ತಲೇ ಗಿರಕಿ ಹೊಡೆಯುತ್ತದೆಯೇ ಹೊರತು ಹುಟ್ಟಿನತ್ತ ಸುಳಿಯುವುದಿಲ್ಲ. ಹಲಗೆ ಅವನ ಭಾರವನ್ನು ಹೊತ್ತು ಸುಮ್ಮನಿರುತ್ತದೆ. ಗಂಟೆಗೆ ಸಾವಿರಕ್ಕೂ ಹೆಚ್ಚು ಸಲ ಎತ್ತಿ ಇಳಿಸಬೇಕಾದದ್ದು ಹುಟ್ಟು, ಮರುದಿನ ಕಚೇರಿಯಲ್ಲಿ ಅದರ ಲೆಕ್ಕ ಒಪ್ಪಿಸಬೇಕಾದದ್ದು ಹೆಗಲು.

ಹುಟ್ಟಿನ ಉದ್ದವು ಆಳಿನ ಎತ್ತರಕ್ಕಿಂತ ಹದಿನೈದರಿಂದ ಇಪ್ಪತ್ತೈದು ಸೆಂಟಿಮೀಟರ್ ಹೆಚ್ಚಿರಬೇಕೆಂಬುದು ಬಲ್ಲವರ ಸಾಮಾನ್ಯ ಸೂತ್ರ. ಅಲೆಯ ಮೇಲೆ ಜಾರುವವರಿಗೆ ತುಸು ಗಿಡ್ಡದ್ದು, ಪಂದ್ಯಕ್ಕಿಳಿಯುವವರಿಗೆ ತುಸು ಉದ್ದದ್ದು ಒಪ್ಪುತ್ತದೆ. ಅಳತೆಪಟ್ಟಿಯಿಲ್ಲದವನು ಹುಟ್ಟನ್ನು ಪಕ್ಕದಲ್ಲಿ ನೆಟ್ಟಗೆ ನಿಲ್ಲಿಸಿ, ಒಂದು ಕೈಯನ್ನು ಪೂರ್ತಿ ಮೇಲೆತ್ತಿ, ಬಾಗಿಸಿದ ಮಣಿಕಟ್ಟು ಹುಟ್ಟಿನ ಹಿಡಿಯ ಮೇಲೆ ಕೂರುತ್ತದೆಯೇ ಎಂದು ನೋಡಿಕೊಳ್ಳಬಹುದು. ಆದರೆ ಡೊಂಬಿವಲಿಯ ಒಂದೇ ಕೋಣೆಯ ಮನೆಯಲ್ಲಿ ಈ ಪ್ರಯೋಗಕ್ಕೆ ಮೊದಲು ಸೀಲಿಂಗ್ ಫ್ಯಾನನ್ನು ನಿಲ್ಲಿಸುವುದು ಶಾಸ್ತ್ರಸಮ್ಮತ. ಸೂತ್ರದ ಪ್ರಕಾರ ಐದೂವರೆ ಅಡಿ ಎತ್ತರದ ಗೃಹಸ್ಥನಿಗೆ ಹೆಚ್ಚುಕಡಿಮೆ ಆರೂಕಾಲು ಅಡಿಯ ಹುಟ್ಟು ಬೇಕಾಗುತ್ತದೆ. ಅದು ಅವನಿಗಿಂತ ಮಾತ್ರವಲ್ಲ, ರೈಲಿನಲ್ಲಿ ಅವನು ಮಲಗುವ ಬರ್ತಿಗಿಂತಲೂ ಉದ್ದ.

ಮುಂಬಯಿಯಲ್ಲಿ ಹುಟ್ಟಿನ ಆಯ್ಕೆ ಜಲಶಾಸ್ತ್ರವನ್ನು ಬಿಟ್ಟು ಸಾರಿಗೆಶಾಸ್ತ್ರದ ವಿಷಯವಾಗುವುದು ಇಲ್ಲಿಯೇ. ಬೆಳಗಿನ ವಿರಾರ್ ಲೋಕಲಿನಲ್ಲಿ ಕೊಡೆ ಹಿಡಿದವನನ್ನೇ ಸಂಶಯದಿಂದ ನೋಡುವ ಜನ ಆರೂಕಾಲು ಅಡಿಯ ದಂಡಧಾರಿಯನ್ನು ಹೇಗೆ ಬರಮಾಡಿಕೊಳ್ಳುವರೆಂಬುದನ್ನು ವಿವರಿಸಬೇಕಾಗಿಲ್ಲ. ಲಗೇಜ್ ಡಬ್ಬಿಗೆ ಹೋದರೆ ಅಲ್ಲಿ ಮೀನಿನ ಬುಟ್ಟಿಗಳೊಂದಿಗೆ ಕೋಳಿ ಎಂಬ ಮೀನುಗಾರ ಸಮುದಾಯದ ಮಹಿಳೆಯರು ಕುಳಿತಿರುತ್ತಾರೆ. ತಲೆಮಾರುಗಳಿಂದ ದೋಣಿಯ ಮನೆತನದವರಾದ ಅವರು ಆ ಹುಟ್ಟನ್ನು ಒಮ್ಮೆ, ಅದನ್ನು ಹಿಡಿದವನ ತೋಳನ್ನು ಒಮ್ಮೆ ನೋಡಿ ಮುಖ ತಿರುಗಿಸಿಕೊಂಡರೆ ಅದಕ್ಕಿಂತ ಕಠಿಣವಾದ ವಿಮರ್ಶೆ ಇನ್ನೊಂದಿರಲಾರದು. ಮೂರು ತುಂಡುಗಳಾಗಿ ಬಿಚ್ಚಿ ಚೀಲಕ್ಕೆ ಸೇರಿಸಬಹುದಾದ, ಬಿಗಿಪಟ್ಟಿಯನ್ನು ಸಡಿಲಿಸಿ ಉದ್ದವನ್ನು ಹೆಚ್ಚುಕಡಿಮೆ ಮಾಡಬಹುದಾದ ಹುಟ್ಟು ಈ ಅವಮಾನದಿಂದ ಪಾರುಮಾಡುತ್ತದೆ, ಮತ್ತು ಮಗ ಅಪ್ಪನ ಎತ್ತರವನ್ನು ಮೀರಿದಾಗ ಅವನಿಗೂ ಒದಗುತ್ತದೆ.

ಇನ್ನು ದ್ರವ್ಯವಿಚಾರ. ಅಲ್ಯೂಮಿನಿಯಂ ಹುಟ್ಟು ಅಗ್ಗ, ಆದರೆ ಸುಮಾರು ಒಂದು ಕಿಲೋ ತೂಗುತ್ತದೆ. ಕಡಲ ಉಪ್ಪು ಅದನ್ನು ತಿನ್ನುತ್ತದೆ, ಮರಳು ಹೊಕ್ಕ ಕೀಲು ಬಿಚ್ಚಲಾರದಂತೆ ಕಚ್ಚಿಕೊಳ್ಳುತ್ತದೆ. ಕಾರ್ಬನ್ ನಾರಿನದು ಅದರ ಅರ್ಧದಷ್ಟೇ ತೂಗಿದರೂ ಬೆಲೆಯಲ್ಲಿ ಗೃಹಶಾಂತಿಯನ್ನು ಕದಡುವಷ್ಟಿರುತ್ತದೆ; ಮೇಲಾಗಿ ಬಾಂದ್ರಾ, ವರಳಿಗಳ ಕಪ್ಪು ಬಂಡೆಗೆ ಬಲವಾಗಿ ಬಡಿದರೆ ಅದು ಬಾಗದೆ ಸೀಳುತ್ತದೆ. ಇವೆರಡರ ನಡುವಿನ ಫೈಬರ್‌ಗ್ಲಾಸಿಗೆ ಬಡಾಯಿ ಕೊಚ್ಚಿಕೊಳ್ಳುವಂಥ ಗುಣವಿಲ್ಲವಾದರೂ, ಮಧ್ಯಮವರ್ಗದ ಹೆಗಲಿಗೆ ಅದೇ ಸರಿ.

ಹುಟ್ಟಿನ ತುದಿಯ ಅಗಲವಾದ ಭಾಗವಾದ ಅಲಗು ದಂಡದೊಡನೆ ಹತ್ತು ಡಿಗ್ರಿಯ ಆಸುಪಾಸಿನಲ್ಲಿ ಓರೆಯಾಗಿರುತ್ತದೆ. ಈ ಓರೆ ಹಲಗೆಯ ಮುಂಭಾಗದ ಕಡೆಗಿರಬೇಕು, ಏಕೆಂದರೆ ಆಗ ಮಾತ್ರ ಅಲಗು ನೀರನ್ನು ಮೇಲಕ್ಕೆತ್ತುತ್ತ ಶಕ್ತಿಯನ್ನು ಪೋಲುಮಾಡದೆ ನೇರವಾಗಿ ಹಿಂದಕ್ಕೆ ತಳ್ಳುತ್ತದೆ. ಹೊಸಬರು ಬಹುತೇಕ ತಿರುಗುಮುರುಗಾಗಿ ಹಿಡಿಯುತ್ತಾರೆ. ಮಾಟುಂಗದ ಊಟದ ಮನೆಯಲ್ಲಿ ಸೌಟಿನಿಂದ ಸಾರು ಬಳಿಯುವಂತೆ ಅರಬ್ಬಿ ಸಮುದ್ರವನ್ನು ತಮ್ಮತ್ತ ಬಳಿದುಕೊಳ್ಳುವ ಆಸೆ ಅವರದು. ಅಲಗು ದೊಡ್ಡದಾದಷ್ಟೂ ವೇಗ ಹೆಚ್ಚೆಂಬ ನಂಬಿಕೆಯೂ ಇಂಥದೇ: ಸಾಧಾರಣ ಮೈಕಟ್ಟಿನವನಿಗೆ ಎಂಬತ್ತರಿಂದ ತೊಂಬತ್ತು ಚದರ ಅಂಗುಲದ ಅಲಗು ಸಾಕು, ಅದಕ್ಕಿಂತ ಮೇಲಿನದು ಮೂಳೆತಜ್ಞರ ಆದಾಯಕ್ಕೆ ಸಂಬಂಧಪಟ್ಟದ್ದು.

ಹವಾಯಿಯ ವೈಕಿಕಿ ಕಡಲತೀರದಲ್ಲಿ ಅಲೆಯಾಟ ಕಲಿಸುತ್ತಿದ್ದವರು ಕಳೆದ ಶತಮಾನದ ನಡುಭಾಗದಲ್ಲಿ ಹಲಗೆಯ ಮೇಲೆ ನಿಂತು ಹುಟ್ಟು ಹಾಕಿದ್ದರಿಂದ ಈ ಕ್ರೀಡೆ ಬೆಳೆಯಿತೆಂದು ಹೇಳಲಾಗುತ್ತದೆ. ಆ ವೇಳೆಗೆ, 1902ರಲ್ಲಿಯೇ ಮೊಗವೀರ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿಕೊಂಡಿದ್ದ ಕರಾವಳಿಯ ಕಡಲ ಮಕ್ಕಳು ಮುಂಬಯಿಯಲ್ಲಿ ಬೇರೂರಿಯಾಗಿತ್ತು; ಅಜ್ಜನು ಯಾವ ಸೂತ್ರವೂ ಇಲ್ಲದೆ ಹಿಡಿದ ಹುಟ್ಟನ್ನು ಮೊಮ್ಮಗನು ಈಗ ಸೆಂಟಿಮೀಟರುಗಳಲ್ಲಿ ಹುಡುಕುತ್ತಿದ್ದಾನೆ. ಅಂಥವನು ಕುರ್ಲಾ ಟರ್ಮಿನಸ್ಸಿನಲ್ಲಿ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಹತ್ತುವುದು ಉತ್ತಮ. ಯಮುನೆಯಲ್ಲಿ ದೋಣಿ ನಡೆಸುತ್ತಿದ್ದ ಮಹಾಭಾರತದ ಕನ್ಯೆಯ ಹೆಸರು ಹೊತ್ತ ಆ ರೈಲು ಕರಾವಳಿಗೆ ಮುಟ್ಟಿಸುತ್ತದೆ. ಅಲ್ಲಿ ಮೂಲ್ಕಿಯ ಮಂತ್ರ ಸರ್ಫ್ ಕ್ಲಬ್ಬಿನವರು ಈ ವಿದ್ಯೆಯನ್ನು ಕಲಿಸುತ್ತಾರೆ, ಮತ್ತು 2024ರ ಮಾರ್ಚಿನಲ್ಲಿ ಸಮೀಪದ ಸಸಿಹಿತ್ಲುವಿನಲ್ಲಿ ಇಂಡಿಯಾ ಪ್ಯಾಡಲ್ ಫೆಸ್ಟಿವಲ್ ಎಂಬ ಅಂತರರಾಷ್ಟ್ರೀಯ ಪಂದ್ಯವೂ ನಡೆದಿದೆ. ಶಾಂಭವಿ ನದಿಯ ತಿಳಿಯಾದ ಹಿನ್ನೀರಿನಲ್ಲಿ ಬಾಡಿಗೆಯ ಹುಟ್ಟು ಹಿಡಿದು ಕಲಿತವನಿಗೆ ಯಾವುದನ್ನು ಕೊಳ್ಳಬೇಕೆಂಬುದನ್ನು ಹೆಗಲೇ ಹೇಳುತ್ತದೆ. ಮುಂಬಯಿಯ ಪೊವಾಯಿ ಕೆರೆಯನ್ನು ಈ ಶಿಕ್ಷಣಕ್ಕೆ ಶಿಫಾರಸು ಮಾಡಲಾಗದು, ಅಲ್ಲಿನ ನಿವಾಸಿಗಳಲ್ಲಿ ಮೊಸಳೆಗಳೂ ಸೇರಿವೆ.

ಒಟ್ಟಿನಲ್ಲಿ ಮೂರು ತುಂಡಿನ, ಉದ್ದ ಬದಲಿಸಬಹುದಾದ, ಫೈಬರ್‌ಗ್ಲಾಸ್ ದಂಡದ, ಸಣ್ಣ ಅಲಗಿನ ಹುಟ್ಟೇ ಮುಂಬಯಿಯ ಹೊಸಬನಿಗೆ ತಕ್ಕದ್ದು. ಪ್ರತಿ ಸಲವೂ ಅದನ್ನು ಬಿಚ್ಚಿ ಸಿಹಿನೀರಿನಲ್ಲಿ ತೊಳೆಯಬೇಕು. ಮಳೆಗಾಲದ ಕಡಲಿಗೆ ಮೀನುಗಾರರೇ ಇಳಿಯುವುದಿಲ್ಲವಾದ್ದರಿಂದ ಜೂನಿನ ರಿಯಾಯಿತಿ ಮಾರಾಟಕ್ಕೆ ಮರುಳಾಗದೆ, ಕೋಳಿ ಸಮುದಾಯದವರು ನಾರಳಿ ಪೂರ್ಣಿಮೆಯಂದು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿ, ಗಣಪತಿ ವಿಸರ್ಜನೆಯೂ ಮುಗಿದ ಮೇಲೆಯೇ ಓದುಗರು ಖರೀದಿಗೆ ಹೊರಡುವುದು ಒಳ್ಳೆಯದು.