ಮಾನ್ಯ ಕಲ್ಲಿದ್ದಲು ಅವರಿಗೆ, ಬರ್ ದುಬೈಯಿಂದ

ಮಾನ್ಯ ಕಲ್ಲಿದ್ದಲು ಅವರೇ,

ವೀಸಾ ಕ್ಯಾನ್ಸಲ್ ಆಗಿ ಊರಿಗೆ ಹೋದವರನ್ನು ನಾವು ಗಲ್ಫಿನವರು ಬೇಕಾದಷ್ಟು ನೋಡಿದ್ದೇವೆ. ಆದರೆ ನಿಮ್ಮಷ್ಟು ಗತ್ತಿನಿಂದ ಬಂದು, ನಿಮ್ಮಷ್ಟು ಬೇಗ ಕೆಲಸ ಕಳೆದುಕೊಂಡವರು ಇನ್ನೊಬ್ಬರಿಲ್ಲ.

ಈ ದೇಶದಲ್ಲಿ ಎಣ್ಣೆ ಇದೆ, ಅನಿಲ ಇದೆ, ಬಿಸಿಲಂತೂ ಕೇಳಬೇಡಿ. ನಿಮ್ಮ ಒಂದು ಗಣಿಯೂ ಇಲ್ಲ. ಆದರೂ 2030ರ ಹೊತ್ತಿಗೆ ದುಬೈ ವಿದ್ಯುತ್ತಿನ ಶೇ. 7 ಭಾಗ ನಿಮ್ಮದು ಎಂದು 2015ರ ಸ್ವಚ್ಛ ಇಂಧನ ಯೋಜನೆಯಲ್ಲೇ ಬರೆದುಕೊಟ್ಟರು. ಹುದ್ದೆ: ಕ್ಲೀನ್ ಕೋಲ್. ಸೌರಶಕ್ತಿಯ ಪಕ್ಕದ ಕುರ್ಚಿಯಲ್ಲಿ ಅರಬ್ಬರ ನಿಲುವಂಗಿ ಬಿಳಿ ಕಂದೂರ ತೊಟ್ಟು ಕೂತಿರಿ. ಚೆನ್ನಾಗಿಯೇ ಒಪ್ಪುತ್ತಿತ್ತು, ತೋಳಿನ ಅಂಚು ಮಾತ್ರ ಸ್ವಲ್ಪ ಮಾಸಿತ್ತು.

ಜೆಬೆಲ್ ಅಲಿಯಿಂದಾಚೆ, ಅಬುಧಾಬಿ ಗಡಿಯ ಹತ್ತಿರ, ಹಸ್ಯಾನ್‌ನಲ್ಲಿ ನಿಮಗಾಗಿ ಎಂಥ ಬಂಗಲೆ! ತಲಾ 600 ಮೆಗಾವ್ಯಾಟಿನ ನಾಲ್ಕು ಘಟಕ, ಸೌದಿಯ ಅಕ್ವಾ ಪವರ್, ಚೀನಾದ ಹಾರ್ಬಿನ್ ಎಲೆಕ್ಟ್ರಿಕ್, ನಮ್ಮ ಕರೆಂಟ್ ಬಿಲ್ಲಿನ ಮಾಲೀಕರಾದ ದೇವಾ. ಖರ್ಚು 300 ಕೋಟಿ ಡಾಲರ್‌ಗೂ ಮೇಲೆ. ನೀವು ಹಡಗಿನಿಂದ ಇಳಿಯಲು ಜೆಟ್ಟಿ ಬೇಕಲ್ಲ, ಕಡಲೊಳಗಿನ ಹವಳಗಳನ್ನು ಎತ್ತಿ ಬೇರೆಡೆ ನೆಟ್ಟರು. ಪರಿಸರ ಕಾಳಜಿ ಎಂದರೆ ಇದೇ ಇರಬೇಕು: ಅತಿಥಿ ಬರುತ್ತಾನೆಂದು ಮನೆಯವರನ್ನೇ ಒಕ್ಕಲೆಬ್ಬಿಸುವುದು.

2020ರಲ್ಲಿ ಮೊದಲ ಘಟಕ ಗ್ರಿಡ್ ಸೇರಿತು. 2021ರ ಅಕ್ಟೋಬರಿನಲ್ಲಿ ದೇಶ 2050ಕ್ಕೆ ನೆಟ್ ಝೀರೋ, ಅಂದರೆ ನಿವ್ವಳ ಇಂಗಾಲ ಸೊನ್ನೆ, ಎಂದಿತು. 2022ರ ಫೆಬ್ರವರಿಯಲ್ಲಿ, ನಾಲ್ಕೂ ಘಟಕ ಮುಗಿಯುವ ಮೊದಲೇ, ಹಸ್ಯಾನ್ ಇನ್ನು ಅನಿಲದಲ್ಲಿ ನಡೆಯುತ್ತದೆ ಎಂಬ ಪ್ರಕಟಣೆ ಬಂತು. ಎರಡೂ ಇಂಧನಕ್ಕೆ ಒಗ್ಗುವಂತೆ ಮೊದಲೇ ಕಟ್ಟಿದ್ದರಂತೆ. ಅಂದರೆ ಆಫರ್ ಲೆಟರ್ ಟೈಪ್ ಮಾಡುವಾಗಲೇ ಬದಲಿ ಆಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದ್ದರು. ಆ ಬದಲಿ ಆಳು ಯಾರು? ನಿಮ್ಮದೇ ದಾಯಾದಿ. ಅವನೂ ನೆಲದಡಿಯಿಂದಲೇ ಬಂದವನು, ಅವನೂ ಹೊಗೆ ಬಿಡುವವನೇ. ಅಂಗಿಗೆ ಮಸಿ ಮೆತ್ತದಷ್ಟು ಜಾಣ. 2023ರ ಕೊನೆಗೆ ಹವಾಮಾನ ಶೃಂಗಸಭೆ ಕಾಪ್28ಕ್ಕೆ ಜಗತ್ತೇ ದುಬೈಗೆ ಬಂದಿಳಿದಾಗ ಅವನು ಒಳಗೆ, ನೀವು ಹೊರಗೆ. ಅಧ್ಯಕ್ಷ ಪೀಠದಲ್ಲಿದ್ದವರು ಅಬುಧಾಬಿಯ ಎಣ್ಣೆ ಕಂಪನಿ ಅಡ್ನಾಕ್‌ನ ಮುಖ್ಯಸ್ಥರೇ ಆದ್ದರಿಂದ ಅವನಿಗೆ ಪರಿಚಯದ ಮುಖಕ್ಕೂ ಕೊರತೆಯಿರಲಿಲ್ಲ.

ಎದೆಗುಂದಬೇಡಿ. ನಮ್ಮ ಉಡುಪಿ ಜಿಲ್ಲೆಯ ಎಲ್ಲೂರಿನ ಉಷ್ಣ ವಿದ್ಯುತ್ ಸ್ಥಾವರದಲ್ಲಿ ನಿಮ್ಮ ನೌಕರಿ ಭದ್ರವಾಗಿದೆ. 1,200 ಮೆಗಾವ್ಯಾಟ್, ಹಸ್ಯಾನ್‌ನ ಸರಿಯಾಗಿ ಅರ್ಧ. ಅಲ್ಲಿಗೂ ನೀವು ಫಾರಿನ್‌ನಿಂದಲೇ ಹಡಗು ಹತ್ತಿ ಬರುವುದು, ಪಣಂಬೂರಿನಲ್ಲಿ ಇಳಿದು ರೈಲು ಹಿಡಿಯುವುದು. ಬೂದಿ ಹಾರುತ್ತದೆ, ಮಲ್ಲಿಗೆ ಗಿಡ ಸೊರಗುತ್ತದೆ, ಬಾವಿ ಉಪ್ಪಾಗುತ್ತದೆ ಎಂದು ಊರವರು ವರ್ಷಗಟ್ಟಲೆ ದೂರಿದರು. ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ನಿಮ್ಮ ವೀಸಾ ಕ್ಯಾನ್ಸಲ್ ಆಗಲಿಲ್ಲ. ಎಲ್ಲೂರಿನಲ್ಲಿ ಯಾರೂ ಶೃಂಗಸಭೆ ನಡೆಸುವುದಿಲ್ಲವಲ್ಲ.

ಒಂದೇ ಕೋರಿಕೆ. ಮುಂದಿನ ಕಾಪ್ ಸಭೆಯನ್ನು ಎಲ್ಲೂರಿನ ಹತ್ತಿರದ ಪಡುಬಿದ್ರಿ ಕಡಲತೀರದಲ್ಲಿ ಮಾಡಿಸಲು ನಿಮ್ಮ ದಾಯಾದಿಯ ವಶೀಲಿ ನಡೆಯುತ್ತದೆಯೇ, ವಿಚಾರಿಸಿ. ಊಟದ ವ್ಯವಸ್ಥೆ ನಮ್ಮದು.

ಇತಿ,
ಹಗಲೂ ರಾತ್ರಿ ಎಸಿ ಓಡಿಸುವ ಒಬ್ಬ ಉಡುಪಿಯವ