ಹೆಸರು ಅಳಿಸಿದ ಹಿರಿಯರಿಗೊಂದು ಬಹಿರಂಗ ಪತ್ರ

ಶಿರಾ, ಮಧುಗಿರಿ ಸೀಮೆಯ ಸಾಕ್ಷಿಕೂಟಗಳ ಪೂಜ್ಯ ಹಿರಿಯರಿಗೆ,

ತಾವರೆಕೆರೆಯಿಂದ ಬರೆಯುತ್ತಿದ್ದೇನೆ. ತಾವರೆಕೆರೆ ಅಂದಕೂಡಲೇ ಬೆಂಗಳೂರಿನ ಕಡೆ ತಿರುಗಬೇಡಿ. ಇದು ಶಿರಾ ದಾಟಿ ಹಿರಿಯೂರಿನತ್ತ ಹೋಗುವ ಹೆದ್ದಾರಿಯ ನಮ್ಮ ತಾವರೆಕೆರೆ.

ಕುಡಿತ ಬಿಟ್ಟು ಮತ್ತೆ ಬಿದ್ದ ಆ ಅಣ್ಣನ ಹೆಸರನ್ನು ಸಾಕ್ಷಿ ಹೇಳುವವರ ಪಟ್ಟಿಯಿಂದ ಹೊಡೆದುಹಾಕಿದಿರಂತೆ. ಒಳ್ಳೆಯದೇ ಆಯಿತು. ಕುಡಿತ ಬಿಟ್ಟಿದ್ದಷ್ಟು ಕಾಲ ಅವನನ್ನು ಮಧುಗಿರಿ, ಕೊರಟಗೆರೆ, ಪಾವಗಡ ಅಂತ ಕೂಟದಿಂದ ಕೂಟಕ್ಕೆ ಕರಕೊಂಡು ತಿರುಗಿದಿರಿ. ಕೈಗೆ ಮೈಕು ಕೊಟ್ಟು, ತಾಳಿ ಮಾರಿ ಕುಡಿದ ಕತೆಯನ್ನು ತಾಳಿ ಕಳಕೊಂಡವಳ ಎದುರಿಗೇ ಹೇಳಿಸಿದಿರಿ. ಕತೆ ಹೀನವಾದಷ್ಟೂ ಹಲ್ಲೆಲೂಯಾ ಜೋರು. ಅಂಥ ದಿನ ಕಾಣಿಕೆ ಚೀಲವೂ ಹಗುರವಾಗಿ ವಾಪಸು ಬರುತ್ತಿರಲಿಲ್ಲ. ಬಾಮೈದನ ಮದುವೆಯ ಹಿಂದಿನ ರಾತ್ರಿ ಅವನು ಒಂದು ನೈಂಟಿ ಹಾಕಿದ, ಅದು ವಾರದುದ್ದ ಎಳೆಯಿತು. ನೀವು ಮಾತ್ರ ಒಂದೇ ಸಂಜೆಯಲ್ಲಿ ತೀರ್ಮಾನ ಮುಗಿಸಿದಿರಿ: ಹಿಂಜಾರಿದವನು, ವೇದಿಕೆಗೆ ಬೇಡ, ಕರ್ತನ ಭೋಜನಕ್ಕೂ ಬೇಡ, ಅವನನ್ನು ನೋಡಿ ಯುವಕರು ಕೆಡುತ್ತಾರೆ.

ನಿಯಮ ಅಂದರೆ ನಿಯಮ. ನನ್ನ ಬಿನ್ನಹ ಇಷ್ಟೇ, ಅರ್ಧಕ್ಕೆ ನಿಲ್ಲಿಸಬೇಡಿ. ಪಟ್ಟಿ ತಿದ್ದಲು ಕೂತಿದ್ದೀರಿ, ಪೂರ್ತಿ ತಿದ್ದಿ. ಜಲಪ್ರಳಯ ಗೆದ್ದು ಬಂದು, ದ್ರಾಕ್ಷಿತೋಟ ಹಾಕಿ, ಕುಡಿದು ಬತ್ತಲೆ ಮಲಗಿದ ನೋಹನನ್ನು ಸಂಡೇ ಸ್ಕೂಲಿನ ಗೋಡೆಯಿಂದ ಇಳಿಸಿ. ಒಂದೇ ರಾತ್ರಿ ಮೂರು ಸಲ ಜಾರಿದ ಪೇತ್ರನ ಹೆಸರನ್ನು ಮಕ್ಕಳಿಗೆ ಇಡುವುದು ನಿಲ್ಲಿಸಿ. ಅಂಥವನಿಗೆ ಕೆಂಡದ ಮೇಲೆ ಮೀನು ಸುಟ್ಟು ಬಡಿಸಿ, ಊಟವಾದ ಮೇಲೆ ಕುರಿ ಕಾಯುವ ಕೆಲಸವನ್ನೂ ಒಪ್ಪಿಸಿದ ಯೇಸುವಿನಿಂದ ಒಂದು ವಿವರಣೆ ಕೇಳಬಹುದು. ಜ್ಞಾನೋಕ್ತಿಗಳ 23ನೇ ಅಧ್ಯಾಯವನ್ನಂತೂ ಕುಡಿತದ ಮೇಲೆ ಪ್ರಸಂಗ ಬಂದಾಗಲೆಲ್ಲ ಓದುತ್ತೀರಿ. ಕೆಂಪಾದ ಕಣ್ಣು, ತೂರಾಡುವ ಮೈ ಎಲ್ಲ ಬರುತ್ತದೆ. ಎಚ್ಚರವಾದರೆ ಮತ್ತೆ ಅದನ್ನೇ ಹುಡುಕಿಕೊಂಡು ಹೋಗುತ್ತೇನೆ ಅನ್ನುವ ಕೊನೆಯ ಮಾತು ಬರುವ ಹೊತ್ತಿಗೆ ಮಾತ್ರ ಯಾಕೋ ನಿಮಗೆ ಗಂಟಲು ಕಟ್ಟುತ್ತದೆ. ಬರೆದವನಿಗೆ ಈ ಕಾಯಿಲೆ ಚೆನ್ನಾಗಿ ಗೊತ್ತಿತ್ತು.

ಕಥೋಲಿಕರಿಗೂ ಒಂದು ತಕರಾರು ಅರ್ಜಿ ಹಾಕಬೇಕಾಗುತ್ತದೆ. ಚೀನಾದಲ್ಲಿ ಮಾರ್ಕ್ ಜಿ ಟಿಯಾನ್‌ಶಿಯಾಂಗ್ ಎಂಬ ವೈದ್ಯನಿದ್ದ. ಬಡವರಿಗೆ ದುಡ್ಡಿಲ್ಲದೆ ಮದ್ದು ಕೊಡುತ್ತಿದ್ದವನು. ಹೊಟ್ಟೆನೋವಿಗೆಂದು ಅಫೀಮು ತಗೊಂಡ, ಅಫೀಮು ಅವನನ್ನು ತಗೊಂಡಿತು. ಪಾಪನಿವೇದನೆಗೆ ಹೋಗುವುದು, ಬಿಡುತ್ತೇನೆ ಅನ್ನುವುದು, ಮತ್ತೆ ಬೀಳುವುದು. ಕೊನೆಗೆ ಪಾದ್ರಿಗೆ ಸಾಕಾಯಿತು. ಬಿಡುವ ಮನಸ್ಸೇ ನಿನಗಿಲ್ಲ ಎಂದು ಪರಮಪ್ರಸಾದ ನಿಲ್ಲಿಸಿಬಿಟ್ಟ. ಸುಮಾರು 30 ವರ್ಷ ಆ ಮನುಷ್ಯ ಪ್ರಸಾದವಿಲ್ಲದೆ, ಚಟವೂ ಬಿಡದೆ, ಚರ್ಚಿಗೆ ಹೋಗುವುದನ್ನೂ ಬಿಡದೆ ಬದುಕಿದ. ಕ್ರೈಸ್ತರನ್ನು ಕೊಂದ 1900ರ ಬಾಕ್ಸರ್ ದಂಗೆಯಲ್ಲಿ ಮನೆಮಂದಿಯೊಂದಿಗೆ ಸಿಕ್ಕಿಬಿದ್ದಾಗ, ನನ್ನವರು ಯಾರೂ ಒಬ್ಬಂಟಿಯಾಗಿ ಸಾಯಬಾರದು, ನನ್ನನ್ನು ಕೊನೆಗೆ ಕೊಲ್ಲಿ ಎಂದು ಕೇಳಿಕೊಂಡನಂತೆ. 2000ದ ಅಕ್ಟೋಬರ್ 1ರಂದು ಪೋಪ್ ಎರಡನೇ ಜಾನ್ ಪಾಲ್ ಅವನನ್ನು ಸಂತರ ಸಾಲಿಗೆ ಸೇರಿಸಿದರು. ಚಟ ಬಿಟ್ಟ ದಾಖಲೆ ಇಲ್ಲದವನು ಸಂತ! ನಿಮ್ಮ ಪಟ್ಟಿಯ ಕೈಬರಹವಾದರೂ ರೋಮಿನದಕ್ಕಿಂತ ಚೊಕ್ಕವಾಗಿದೆ.

ಇನ್ನು ಕುಡಿತ ಬಿಡಲು ಕುಡುಕರೇ ಒಬ್ಬರಿಗೊಬ್ಬರು ನೆರವಾಗುವ ಕೂಟ, ಆಲ್ಕೊಹಾಲಿಕ್ಸ್ ಅನಾನಿಮಸ್ (ಎ.ಎ.). ನಾವು ಪ್ರೊಟೆಸ್ಟೆಂಟರು ಎದೆ ತಟ್ಟಿಕೊಳ್ಳಬಹುದಾದ ಕತೆ ಅದು. ಬೇರು ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಕೂಟದಲ್ಲಿದೆ. 1935ರ ಮೇ ತಿಂಗಳು, ಅಮೆರಿಕದ ಆಕ್ರನ್ ಊರು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದ ಬಿಲ್ ವಿಲ್ಸನ್ ವ್ಯಾಪಾರ ಕೆಟ್ಟು ಹೋಟೆಲಿನ ಪಡಸಾಲೆಯಲ್ಲಿ ನಿಂತಿದ್ದ. ಒಂದು ಕಡೆ ಬಾರಿನ ಗದ್ದಲ, ಇನ್ನೊಂದು ಕಡೆ ಟೆಲಿಫೋನು, ಊರಿನ ಚರ್ಚುಗಳ ಪಟ್ಟಿ. ಅವನು ಪಟ್ಟಿಯ ಕಡೆ ಹೋದ. ಫೋನೆತ್ತಿದ ಒಬ್ಬ ಪಾದ್ರಿಯಿಂದ ದಾರಿ ತೆರೆದು, ತನ್ನಂತೆಯೇ ಕುಡುಕನಾಗಿದ್ದ ಶಸ್ತ್ರವೈದ್ಯ ಡಾ. ಬಾಬ್ ಸಿಕ್ಕ. ಬಾಬ್ ಕುಡಿಯುವುದು ಬಿಟ್ಟ. ಕೆಲವೇ ವಾರಗಳಲ್ಲಿ ವೈದ್ಯರ ಸಮ್ಮೇಳನಕ್ಕೆಂದು ಅಟ್ಲಾಂಟಿಕ್ ಸಿಟಿಗೆ ಹೋಗಿ ಮೈಮೇಲೆ ಪ್ರಜ್ಞೆಯಿಲ್ಲದಂತೆ ಕುಡಿದು ಬಂದ. ಬಿಲ್ ಪಟ್ಟಿ ತೆಗೆಯಲಿಲ್ಲ. ಬಾಬನ ಹೆಂಡತಿಯೂ ಅವನೂ ಸೇರಿ ಆರೈಕೆ ಮಾಡಿದರು. ಆಪರೇಷನ್ ಇದ್ದ ದಿನ ಕೈ ನಡುಗದಿರಲೆಂದು ಬಿಲ್ಲೇ ಒಂದು ಬಾಟಲಿ ಬಿಯರ್ ಕೊಟ್ಟ. ಅದೇ ಬಾಬನ ಕೊನೆಯ ಕುಡಿತ. ಎ.ಎ. ಲೆಕ್ಕದಲ್ಲಿ ಆ ದಿನ 1935ರ ಜೂನ್ 10, ಇಂದಿಗೂ ಆಚರಿಸುವ ಹುಟ್ಟುಹಬ್ಬ. ಅವತ್ತು ಆಕ್ರನ್ನಿನಲ್ಲಿ ನಿಮ್ಮಂಥ ಹಿರಿಯರೊಬ್ಬರು ಇದ್ದಿದ್ದರೆ ಹಬ್ಬದ ಖರ್ಚಾದರೂ ಉಳಿಯುತ್ತಿತ್ತು.

ಪ್ರಾರ್ಥನೆಯಿಂದ ಬಿಟ್ಟವನು ಮತ್ತೆ ಕುಡಿದರೆ ಪ್ರಾರ್ಥನೆಗೇ ಅವಮಾನ ಅನ್ನುತ್ತೀರಿ. ಸಕ್ಕರೆ ಕಾಯಿಲೆಯ ಹಿರಿಯರು ಕ್ರಿಸ್‌ಮಸ್ ದಿನ ಕಜ್ಜಾಯಕ್ಕೆ ಕೈ ಹಾಕಿದಾಗ ನಾವು ಯಾರೂ ಅವರ ದೀಕ್ಷಾಸ್ನಾನ ರದ್ದು ಮಾಡಿಲ್ಲ, ಮಾತ್ರೆ ಹೆಚ್ಚಿಸಿಕೊಳ್ಳಿ ಎಂದಿದ್ದೇವೆ. ಚಟದ ಚಿಕಿತ್ಸೆ ಪಡೆದವರಲ್ಲಿ 100ಕ್ಕೆ 40ರಿಂದ 60 ಮಂದಿ ಮತ್ತೆ ಒಮ್ಮೆಯಾದರೂ ಬೀಳುತ್ತಾರೆಂದೂ, ಬಿ.ಪಿ., ಅಸ್ತಮಾದವರ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ ಎಂದೂ ವೈದ್ಯರು ಹೇಳುತ್ತಾರೆ. ಹಾಗೆ ಬಿದ್ದ ಅಣ್ಣನನ್ನು ನೀವು ಕೋಣೆಯಲ್ಲಿ ಕೂಡಿಹಾಕಿ ಉಪವಾಸ ಪ್ರಾರ್ಥನೆ ಮಾಡಿಸಿದಿರಿ. ಎರಡನೇ ದಿನ ಕೈಕಾಲು ನಡುಗಿತು, ಮೂರನೇ ದಿನ ಗೋಡೆಯ ಮೇಲೆ ಹುಳು ಹರಿಯುತ್ತಿವೆ ಎಂದು ಕೂಗಿದ. ನೀವು ದೆವ್ವ ಅಂದಿರಿ. ಬಹಳ ಕಾಲ ವಿಪರೀತ ಕುಡಿದವನು ಏಕಾಏಕಿ ನಿಲ್ಲಿಸಿದರೆ ಹೀಗೂ ಆಗುತ್ತದೆ. ಫಿಟ್ಸ್ ಬಂದು ಜೀವವೂ ಹೋಗಬಹುದು. ದೆವ್ವಕ್ಕೆ ಬೈದಷ್ಟು ಹೊತ್ತಿನಲ್ಲಿ ಶಿರಾ ಆಸ್ಪತ್ರೆ ತಲುಪಬಹುದಿತ್ತು.

ಬಾರಿನವರನ್ನು ನೋಡಿ ಕಲಿಯಿರಿ ಅಂದರೆ ಕೋಪ ಬರುತ್ತದೇನೋ. ಬಂದ ಗಿರಾಕಿಯನ್ನು ಅವರು ಕೈಬಿಡುವುದಿಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು, ಅದೇ ಗಂಟಲಿಗೆ 90 ಎಂ.ಎಲ್. ಪೊಟ್ಟಣ ಬಂತು. 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಕೂಡದು ಅಂದಿತು. ಮುಂದಿನ ಮಾರ್ಚಿನಲ್ಲಿ, 20,000 ಜನ ಮೀರದ ಊರುಗಳಿಗೆ ಅದನ್ನು 220 ಮೀಟರಿಗೆ ಇಳಿಸಿತು. ಬಿದ್ದವನು ಸಭೆಯಿಂದ ಎಷ್ಟು ಮೀಟರ್ ದೂರ ನಿಲ್ಲಬೇಕೆಂದು ಯಾವ ಕೋರ್ಟೂ ಹೇಳಿರಲಿಲ್ಲ, ಆ ಕೊರತೆ ನೀವು ತುಂಬಿದಿರಿ. 2025-26ಕ್ಕೆ ಸರ್ಕಾರ ಅಬಕಾರಿಯಿಂದ 40,000 ಕೋಟಿ ರೂಪಾಯಿ ಗುರಿ ಇಟ್ಟುಕೊಂಡಿತ್ತು. ಯಾರನ್ನೂ ಹಿಂಜಾರಿದವನೆಂದು ಹೊರಗಿಡದೆ ಇರುವುದರಿಂದಲೇ ಅಷ್ಟು ದೊಡ್ಡ ಗುರಿ ಸಾಧ್ಯ.

ಧರ್ಮಸ್ಥಳದವರ ಮದ್ಯವರ್ಜನ ಶಿಬಿರದ ಹೆಸರೆತ್ತಿದರೆ ಅನ್ಯರ ಕೆಲಸ ಅನ್ನುತ್ತೀರಿ. ಆದರೂ ಹೇಳುತ್ತೇನೆ. ಎಂಟು ದಿನದ ಶಿಬಿರ ಮುಗಿದ ಮೇಲೆ ಅವರು ಮನೆಗೆ ಕಳಿಸಿ ಕೈತೊಳೆದುಕೊಳ್ಳುವುದಿಲ್ಲ. ಬಿಟ್ಟವರೆಲ್ಲ ಮತ್ತೆ ಮತ್ತೆ ಸೇರಲು ಊರಲ್ಲೇ ನವಜೀವನ ಸಮಿತಿ ಇರುತ್ತದೆ. ನಮ್ಮಲ್ಲಿ ದೀಕ್ಷಾಸ್ನಾನದ ಮಾರನೇ ದಿನಕ್ಕೆ ಏನು ವ್ಯವಸ್ಥೆ ಇದೆ? ಹಿಂದೆ ನಮ್ಮವರಿಗೂ ಕುಡಿತ ಬಿಟ್ಟವನ ಕಷ್ಟ ತಿಳಿಯುತ್ತಿತ್ತು. ಗುಬ್ಬಿ, ತುಮಕೂರಿಗೆ ಮಿಷನರಿಗಳನ್ನು ಕಳಿಸಿದ ವೆಸ್ಲಿ ಪರಂಪರೆಯಲ್ಲೇ, 1869ರಲ್ಲಿ ಅಮೆರಿಕದ ವೆಲ್ಚ್ ಎಂಬ ಹಲ್ಲಿನ ವೈದ್ಯ ಹುಳಿಬರದ ದ್ರಾಕ್ಷಿರಸ ತಯಾರಿಸಿದ್ದು ಕರ್ತನ ಭೋಜನದ ಬಟ್ಟಲಿಗೆಂದೇ. ಅವರು ಬಟ್ಟಲನ್ನೇ ಬದಲಿಸಿದರು, ನೀವು ಮನುಷ್ಯನನ್ನು ಎಬ್ಬಿಸಿ ಕಳಿಸಿದಿರಿ.

ಪಟ್ಟಿಗೆ ಅವನ ಹೆಸರು ಮತ್ತೆ ಸೇರಿಸಿ ಎಂದು ನಾನು ಕೇಳುತ್ತಿಲ್ಲ. ಮೈಕು ಅವನಿಗೆ ಬೇಡವೇ ಬೇಡ. ಆ ಚಪ್ಪಾಳೆಗಳು ಅವನನ್ನು ಅರ್ಧ ಬೀಳಿಸಿದ್ದವು. ನಿಮ್ಮಲ್ಲೊಬ್ಬರು ಅವನ ಮನೆಗೆ ಹೋಗಿ. ಕೈ ನಡುಗುತ್ತಿದ್ದರೆ ಶಿರಾ ಆಸ್ಪತ್ರೆಗೋ ತುಮಕೂರಿನ ಜಿಲ್ಲಾಸ್ಪತ್ರೆಗೋ ಕರೆದೊಯ್ಯಿರಿ. ಪ್ರಾರ್ಥನೆಯನ್ನು ಬಸ್ಸಿನಲ್ಲೇ ಮಾಡಬಹುದು. ಏನೂ ತೋಚದಿದ್ದರೆ ಟೆಲಿ ಮಾನಸ್, 14416. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಚಟಕ್ಕೆಂದೇ ಇರುವ ಸಹಾಯವಾಣಿ 14446. ಕರೆಯನ್ನು ನೀವೇ ಮಾಡಿ. ಅವನ ಫೋನು ಅಡವಿಗೆ ಹೋಗಿದೆ.

ಇತಿ,
ಹಿಂದಿನ ಬೆಂಚಿನವನು,
ತಾವರೆಕೆರೆ, ಶಿರಾ ತಾಲ್ಲೂಕು